ಬಯಲಿಗೂ ಭವ್ಯತೆಯುಂಟು

ಮಲೆನಾಡಿನಿಂದ ಪೂರ್ವಕ್ಕೆ ಇಳಿಯುವ ಪಯಣಿಗನಿಗೆ ಹಾನಗಲ್ ದಾಟಿ ಹಾವೇರಿ ಸಮೀಪಿಸುವಷ್ಟರಲ್ಲಿ ನೋಡುವುದಕ್ಕೆ ಇನ್ನೇನೂ ಉಳಿದಿಲ್ಲವೆಂದು ತೋರುತ್ತದೆ. ಬೆಟ್ಟ ಹಿಂದುಳಿಯಿತು, ದಟ್ಟ ಕಾಡು ಹಿಂದುಳಿಯಿತು. ಮುಂದೆ ಬ್ಯಾಡಗಿ, ರಾಣೆಬೆನ್ನೂರುಗಳತ್ತ ಮೆಣಸಿನಕಾಯಿ ಮತ್ತು ಜೋಳದ ಹೊಲ, ಕುರುಚಲು, ಹುಲ್ಲು, ಆಕಾಶ. ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕುಳಿತವರು ಅಲ್ಲಿಂದ ನಿದ್ದೆಗೆ ಜಾರುತ್ತಾರೆ. ಯಾವ ನೆಲ ನೋಡತಕ್ಕದ್ದು, ಯಾವುದು ಅಲ್ಲ ಎಂಬ ಈ ತೀರ್ಮಾನ ಹುಟ್ಟಿನಿಂದ ಬಂದುದಲ್ಲ, ಅದಕ್ಕೊಂದು ಇತಿಹಾಸವಿದೆ.

1757ರಲ್ಲಿ ಎಡ್ಮಂಡ್ ಬರ್ಕ್ ಎಂಬ ಚಿಂತಕ ಲಂಡನ್ನಿನಲ್ಲಿ ಪ್ರಕಟಿಸಿದ ಗ್ರಂಥವೊಂದು ಸುಂದರವಾದುದನ್ನೂ ಭವ್ಯವಾದುದನ್ನೂ ಬೇರೆ ಬೇರೆಯೆಂದು ವಿಂಗಡಿಸಿತು. ಸುಂದರವಾದುದು ಮನಸ್ಸಿಗೆ ಹಿತ ನೀಡುತ್ತದೆ. ಭವ್ಯವಾದುದು ಭಯಬೆರೆತ ಬೆರಗನ್ನು ಹುಟ್ಟಿಸುತ್ತದೆ. ಕಡಿದಾದ ಶಿಖರ, ಬಿರುಗಾಳಿ, ಪ್ರಪಾತ, ಕಡಲು ಇವು ಮನುಷ್ಯನಿಗೆ ಅವನ ಅಲ್ಪತೆಯನ್ನು ನೆನಪಿಸುತ್ತವೆ. ಮುಂದೆ ರಮ್ಯಪಂಥದ ಚಿತ್ರಕಾರರು ಈ ಅನುಭವವನ್ನು ಬಣ್ಣಗಳಲ್ಲಿ ಹಿಡಿದರು. ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಚ್ 1818ರ ಸುಮಾರಿಗೆ ರಚಿಸಿದ ಪ್ರಸಿದ್ಧ ಚಿತ್ರದಲ್ಲಿ ಒಬ್ಬ ಪಥಿಕ ಬಂಡೆಯ ಮೇಲೆ ನಿಂತು ಮಂಜಿನ ಕಡಲನ್ನು ನೋಡುತ್ತಾನೆ. ಕೊಡಚಾದ್ರಿಯ ತುದಿಯಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವ ಇಂದಿನ ಯುವಕನ ಭಂಗಿಯೂ ಬಹುಮಟ್ಟಿಗೆ ಅದೇ.

ಈ ದೃಷ್ಟಿಯಿಂದ ಉಪಕಾರವೂ ಆಗಿದೆ. ಅಮೆರಿಕದಲ್ಲಿ ಥಾಮಸ್ ಮೊರಾನ್ 1871ರ ಪ್ರವಾಸದಲ್ಲಿ ರಚಿಸಿದ ಚಿತ್ರಗಳು ಮರುವರ್ಷ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಸ್ಥಾಪನೆಗೆ ನೆರವಾದವು. ಆದರೆ ಎತ್ತರ ಮತ್ತು ಆಳಗಳನ್ನೇ ಅಳತೆಗೋಲಾಗಿ ಮಾಡಿಕೊಂಡ ಕಣ್ಣಿಗೆ ಬಯಲು ಬರಿದಾಗಿ ಕಾಣುತ್ತದೆ. ಬರ್ಕ್ ಸ್ವತಃ ವಿಶಾಲವಾದ ಬಯಲನ್ನು ಕಡಲಿನೊಂದಿಗೆ ತೂಗಿ ನೋಡಿದ್ದ. ಬಯಲು ಸಣ್ಣ ಸಂಗತಿಯಲ್ಲವೆಂದು ಒಪ್ಪಿಕೊಂಡರೂ, ಕಡಲಿನಲ್ಲಿರುವ ಭಯ ಅಲ್ಲಿಲ್ಲವೆಂಬ ಕಾರಣಕ್ಕೆ ಅದಕ್ಕೆ ಕೆಳಗಿನ ಸ್ಥಾನವನ್ನೇ ಕೊಟ್ಟ.

ರಾಣೆಬೆನ್ನೂರಿನ ಬಯಲಿನ ಜನ ಇದನ್ನು ಒಪ್ಪುತ್ತಿರಲಿಲ್ಲ. ಸುಮಾರು ಒಂದು ಮೀಟರ್ ಎತ್ತರ, ಹದಿನೈದು ಕಿಲೋದವರೆಗೂ ತೂಕವಿರುವ ಹಕ್ಕಿಯೊಂದು ಹುಲ್ಲಿನ ನಡುವೆ ಥಟ್ಟನೆ ತಲೆಯೆತ್ತಿ, ಮರುಕ್ಷಣ ಮಾಯವಾಗುವುದನ್ನು ಕಂಡವರು ಅದನ್ನು ‘ಎರೆಭೂತ’ ಎಂದು ಕರೆದರು. ಎರೆಯೆಂದರೆ ಕಪ್ಪು ಮಣ್ಣು. ಆ ಮಣ್ಣಿನಿಂದೆದ್ದ ಭೂತ. ಬರ್ಕ್ ಬಯಲಿನಲ್ಲಿ ಕಾಣದ ಭಯ ಮತ್ತು ಬೆರಗು ಎರಡೂ ಈ ಒಂದು ಹೆಸರಿನಲ್ಲಿವೆ. ಇಂದು ಎರೆಭೂತ ರಾಣೆಬೆನ್ನೂರಿನಿಂದ ಕಣ್ಮರೆಯಾಗಿದೆ. ರಾಜ್ಯದಲ್ಲಿ ಅಳಿದುಳಿದ ಬೆರಳೆಣಿಕೆಯ ಹಕ್ಕಿಗಳಿಗೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲೇ ಆಸರೆ.

ಆ ಹಕ್ಕಿಗೆ ಬೇಕಾದುದು ತೆರೆದ ನೆಲ. ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಜೀವ ಅದು. ಕೃಷ್ಣಮೃಗಕ್ಕೆ ಬೇಕಾದುದೂ ಅದೇ. ದೂರದಲ್ಲಿ ಬರುವ ತೋಳವನ್ನು ಕಣ್ಣಿನಿಂದ ಗುರುತಿಸಿ, ಓಡಿ ಪಾರಾಗುವ ಪ್ರಾಣಿಗೆ ಗಿಡಗಳ ಮರೆ ರಕ್ಷಣೆಯಲ್ಲ. 1974ರಲ್ಲಿ 119 ಚದರ ಕಿಲೋಮೀಟರಿನ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಯಿತು. ಆದರೆ ಅದರ ದೊಡ್ಡ ಭಾಗವನ್ನು ಆವರಿಸಿರುವುದು ನೀಲಗಿರಿ ನೆಡುತೋಪು. ಮರವಿದ್ದರೆ ಮಾತ್ರ ಕಾಡು, ಕಾಡಿದ್ದರೆ ಮಾತ್ರ ಪ್ರಕೃತಿ ಎಂಬ ನಂಬಿಕೆ ಅಲ್ಲಿ ಸಾಲುಸಾಲಾಗಿ ನಿಂತಿದೆ. ಆಸ್ಟ್ರೇಲಿಯಾದ ಈ ಮರಕ್ಕೆ ಕನ್ನಡದಲ್ಲಿ ಬೆಟ್ಟದ ಹೆಸರು ಬಂದುದಕ್ಕೂ ಕಾರಣವುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ನೀಲಗಿರಿ ಬೆಟ್ಟಗಳ ಹುಲ್ಲುಗಾವಲನ್ನೂ ಆಳುವವರು ಬಂಜರೆಂದೇ ಬಗೆದು ಅಲ್ಲಿ ಈ ಮರವನ್ನು ನೆಟ್ಟರು. ಮೊದಲು ಬೆಟ್ಟದ ಹುಲ್ಲಿಗಾದ ಅನ್ಯಾಯ ಅನಂತರ ಬಯಲಿನ ಹುಲ್ಲಿಗೂ ಆಯಿತು.

ಹಾವೇರಿ ಸೀಮೆಯ ಜನ ಇದನ್ನು ಮೌನವಾಗಿ ಸಹಿಸಲಿಲ್ಲ. ಕಾಗದ ಮತ್ತು ನಾರಿನ ಉದ್ಯಮಕ್ಕಾಗಿ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆಯ ವಿರುದ್ಧ 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಗ್ರಾಮಸ್ಥರು ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. ಸರ್ಕಾರದ ದಾಖಲೆಯಲ್ಲಿ ಪಾಳು ಎನಿಸಿಕೊಂಡ ನೆಲ ಅವರಿಗೆ ಮೇವು, ಸೌದೆ ಕೊಡುವ ನೆಲವಾಗಿತ್ತು. ಆ ಯೋಜನೆಯ ಕಂಪನಿ 1991ರಲ್ಲಿ ಮುಚ್ಚಿತು.

ಭವ್ಯತೆಯ ಕಲ್ಪನೆಯನ್ನೇ ತೊರೆಯಬೇಕಾಗಿಲ್ಲ. ಅದನ್ನು ವಿಸ್ತರಿಸಿದರೆ ಸಾಕು. ಫ್ರೀಡ್ರಿಚ್ 1808ರಿಂದ 1810ರ ನಡುವೆ ರಚಿಸಿದ ‘ಕಡಲ ತಡಿಯ ಸನ್ಯಾಸಿ’ ಚಿತ್ರದಲ್ಲಿ ಬೆಟ್ಟವಿಲ್ಲ, ಮರವಿಲ್ಲ. ತಗ್ಗಿನಲ್ಲೊಂದು ದಿಗಂತ, ಚಿತ್ರಪಟದ ಬಹುಪಾಲನ್ನು ತುಂಬಿದ ಆಕಾಶ, ಅದರಡಿ ಕಡ್ಡಿಯಷ್ಟು ಸಣ್ಣ ಮನುಷ್ಯ. ಬೇಸಗೆಯ ಸಂಜೆ ರಾಣೆಬೆನ್ನೂರಿನ ಬಯಲಿನಲ್ಲಿ ನಿಂತ ಕುರಿಗಾಹಿಗೆ ಈ ನೋಟ ಹೊಸದಲ್ಲ.

ಆದರೆ ಬೆರಗು ಒಂದರಿಂದಲೇ ನ್ಯಾಯ ಸಿಗದು. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಮೊಳಕೆಯೊಡೆದ ಬೆಳೆಯನ್ನು ಕೃಷ್ಣಮೃಗಗಳ ಹಿಂಡು ಮೇದುಹೋದಾಗ ರೈತನಿಗೆ ಅದರ ನೆಗೆತದ ಸೊಬಗು ಕಾಣಿಸದು, ಕಾಣಿಸಬೇಕೆಂದು ನಿರೀಕ್ಷಿಸುವುದೂ ಸಲ್ಲದು. ಆತನಿಗೆ ಸಕಾಲದಲ್ಲಿ ಪರಿಹಾರ ದೊರೆಯಬೇಕು. ನೆಡುತೋಪು ಹಂತಹಂತವಾಗಿ ಹುಲ್ಲಿಗೆ ಮರಳಬೇಕು. ಉಳಿದ ಹುಲ್ಲುಗಾವಲು ಹುಲ್ಲುಗಾವಲಾಗಿಯೇ ಉಳಿಯಬೇಕು.

ಮಲೆನಾಡಿಗರಿಗೆ ಇದು ದೂರದ ಸುದ್ದಿಯಲ್ಲ. ಸಾಗರದ ಇಕ್ಕೇರಿಯ ಬಳಿ ಹುಟ್ಟುವ ವರದೆ ಹಾವೇರಿಯ ಬಯಲನ್ನು ಹಾದು ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ; ಬೆಟ್ಟ ಮತ್ತು ಬಯಲು ಒಂದೇ ನೀರಿನ ಎರಡು ದಡಗಳು. ಜಲಪಾತದ ಚಿತ್ರ ತೋರಿಸಿ ಕಾಡನ್ನು ಉಳಿಸಿಕೊಳ್ಳುವ ಚಳವಳಿ, ತೋರಿಸಲು ಜಲಪಾತವಿಲ್ಲದ ನೆಲದ ಪರವಾಗಿಯೂ ಮಾತನಾಡಬೇಕು. ವನಮಹೋತ್ಸವದಂದು ಸಸಿ ಹಿಡಿದು ಹೊರಡುವ ವಿದ್ಯಾರ್ಥಿಗಳು ಗುಂಡಿ ತೋಡುವ ಮೊದಲು ಆ ನೆಲದಲ್ಲಿ ಈಗಾಗಲೇ ಏನು ಬೆಳೆದಿದೆ, ಅದನ್ನು ನಂಬಿ ಯಾರು ಬದುಕಿದ್ದಾರೆ ಎಂದು ಬಗ್ಗಿ ನೋಡಲಿ. ಹುಲ್ಲು ಎಂಬ ಉತ್ತರ ಬಂದರೆ ಸಸಿಯನ್ನು ಬೇರೆಡೆಗೆ ಒಯ್ಯಲಿ.