ಹಳಿ ಕೆಳಗೆ ಹೋಯ್ತು, ಮೇಲಿನ ಜಾಗ ಯಾರಿಗೆ? (ಭಾಗ 4)

ಶಿಮೊಕಿತಾಜಾವಾ. ಹೆಸರು ಸರಿಯಾಗಿ ಹೇಳೋಕೆ ನಂಗೇ ಎರಡು ದಿನ ಬೇಕಾಯ್ತು, ಬಿಡಿ. ಟೋಕಿಯೋದ ಈ ಸ್ಟೇಷನ್‌ನಲ್ಲಿ ಒಡಾಕ್ಯೂ ಕಂಪನಿಯ ಲೈನೂ ಕೇಯೋ ಕಂಪನಿಯ ಇನೊಕಶಿರಾ ಲೈನೂ ಸೇರುತ್ತವೆ. ಮೊದಲು ಒಡಾಕ್ಯೂ ಹಳಿ ನೆಲದ ಮೇಲೇ ಇತ್ತು. ಆಫೀಸ್ ಟೈಮಲ್ಲಿ ಒಂದರ ಹಿಂದೆ ಒಂದು ರೈಲು, ಲೆವೆಲ್ ಕ್ರಾಸಿಂಗ್ ಗೇಟ್ ತೆಗೆಯೋದೇ ಅಪರೂಪ. 2013ರಲ್ಲಿ ಆ ಲೈನನ್ನ ಸುರಂಗಕ್ಕೆ ಇಳಿಸಿದ್ರು.

ಮೇಲೆ ಖಾಲಿಯಾದ ಜಾಗದಲ್ಲಿ ನೀವಾಗಿದ್ರೆ ಏನು ಕಟ್ತಿದ್ರಿ? ನಮ್ಮ ಕ್ಲಾಸಲ್ಲಿ ಕೇಳಿದ್ರೆ ‘ಮಾಲ್’ ಅಂತಾರೆ, ಗ್ಯಾರಂಟಿ. ಒಡಾಕ್ಯೂ 2020ರಲ್ಲಿ ಅಲ್ಲಿ ‘ಬೋನಸ್ ಟ್ರ್ಯಾಕ್’ ಶುರು ಮಾಡ್ತು: ಎರಡಂತಸ್ತಿನ ಪುಟ್ಟ ಕಟ್ಟಡಗಳು, ಕೆಲವದರಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಒಂದು ಪುಸ್ತಕದಂಗಡಿಯೂ ಇದೆ.

ಇದು ದಾನಧರ್ಮ ಅಲ್ಲ ಕಣ್ರೋ, ವ್ಯಾಪಾರವೇ. ಜನ ಇಲ್ಲಿ ಇಳಿಯೋದು ಸೆಕೆಂಡ್‌ಹ್ಯಾಂಡ್ ಬಟ್ಟೆ ಅಂಗಡಿ, ಸಣ್ಣ ಸಣ್ಣ ನಾಟಕದ ಥಿಯೇಟರ್, ಲೈವ್ ಮ್ಯೂಸಿಕ್‌ಗೆ. ಬಾಡಿಗೆ ಏರಿಸಿ ಅಂಥವರನ್ನ ಓಡಿಸಿದ್ರೆ, ಬಂದೋರು ಒಂದು ರೈಲಿಂದ ಇನ್ನೊಂದಕ್ಕೆ ಹತ್ತಿ ಹೋಗ್ತಾನೇ ಇರ್ತಾರೆ, ಸ್ಟೇಷನ್ ಬಿಟ್ಟು ಹೊರಗೆ ಬರಲ್ಲ. ಚದರಡಿ ಬಾಡಿಗೆ ಮಾತ್ರ ನೋಡೋ ನಮ್ಮ ಲೆಡ್ಜರಲ್ಲಿ ಈ ನಷ್ಟಕ್ಕೆ ಕಾಲಂ ಎಲ್ಲಿದೆ?

ಇನ್ನೂ ಮಾಲೇ ಬೇಕು ಅನ್ನೋರು ಕಾಮೆಂಟಿಗೆ ಬನ್ನಿ, ಜಗಳ ಆಡೋಣ.