ಯೋಗ್ಯತೆ ಕೇಳುವುದು ಮತದಾರನ ಹಕ್ಕು: ಐದು ಆಕ್ಷೇಪಗಳಿಗೆ ಉತ್ತರ

2024ರ ಏಪ್ರಿಲ್ 26ರಂದು ಉಡುಪಿ–ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ ಮತದಾನ ನಡೆಯಿತು. ಬಿಜೆಪಿಯಿಂದ ಕೋಟ ಶ್ರೀನಿವಾಸ ಪೂಜಾರಿ, ಕಾಂಗ್ರೆಸ್‌ನಿಂದ ಕೆ. ಜಯಪ್ರಕಾಶ್ ಹೆಗ್ಡೆ. ಇಬ್ಬರೂ ಹಿಂದೆ ಸಚಿವರಾಗಿದ್ದವರು, ಇಬ್ಬರನ್ನೂ ಸಜ್ಜನರೆಂದು ಎದುರಾಳಿಗಳೇ ಒಪ್ಪುತ್ತಿದ್ದರು. ಕೋಟ ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಫಲಿತಾಂಶವನ್ನು ಇಲ್ಲಿ ಮತ್ತೆ ಕೆದಕುವುದಿಲ್ಲ. ಆದರೆ ಆ ಪ್ರಚಾರದಲ್ಲಿ ಅಭ್ಯರ್ಥಿಯ ಯೋಗ್ಯತೆಯ ಬಗ್ಗೆ ಆಡಿದ ಮಾತುಗಳು ಉಡುಪಿಯ ಹೋಟೆಲುಗಳಲ್ಲಿ, ಕಾಪು–ಕಾರ್ಕಳದ ಮದುವೆ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತವೆ, ಮುಂದಿನ ಚುನಾವಣೆಗೂ ಬರುತ್ತವೆ. ‘ಅಭ್ಯರ್ಥಿಯನ್ನು ನೋಡಿ ಮತ ಹಾಕಿ’ ಎನ್ನುವವರ ಮೇಲೆ ಎಸೆಯುವ ಐದು ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರಿಸುತ್ತೇನೆ.

ಒಂದು: ‘ಮತ ದಿಲ್ಲಿಯ ನಾಯಕತ್ವಕ್ಕೆ. ಸಂಸದ ವಿಪ್ ಪಾಲಿಸಿದರೆ ಸಾಕು, ಅಭ್ಯರ್ಥಿ ಯಾರಾದರೇನು?’

1985ರ ಪಕ್ಷಾಂತರ ನಿಷೇಧ ಕಾನೂನು ಸಂಸದನ ಮತವನ್ನು ಕಟ್ಟಿಹಾಕಿದೆ ನಿಜ. ಅವನ ಬಾಯಿಯನ್ನು ಕಟ್ಟಿಲ್ಲ. ಲೋಕಸಭೆಯಲ್ಲಿ ಒಂದು ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಆ ಪಟ್ಟಿಯಲ್ಲಿ ಅಡಿಕೆ ಆಮದು, ಕಡಲ್ಕೊರೆತ, ಕಸ್ತೂರಿರಂಗನ್ ವರದಿ ಇರಬೇಕೋ ಬೇಡವೋ ಎಂಬುದನ್ನು ಯಾವ ವಿಪ್ ಕೂಡ ತೀರ್ಮಾನಿಸುವುದಿಲ್ಲ. ಪ್ರಶ್ನೆ ಬರೆದು ಕೊಡುವ ಶ್ರದ್ಧೆ ಆ ವ್ಯಕ್ತಿಯದ್ದು. ಸ್ಥಾಯಿ ಸಮಿತಿಯಲ್ಲಿ ಕಡತ ಓದಿಕೊಂಡು ಬಂದು ಕೂರುವುದೂ, ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ‘ದಿಶಾ’ ಸಭೆಯಲ್ಲಿ ಅಧಿಕಾರಿಗಳಿಂದ ಉತ್ತರ ಹೊರಡಿಸುವುದೂ ಅಷ್ಟೇ.

ಇಂದ್ರಾಳಿಯನ್ನೇ ನೋಡಿ. ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎಯಲ್ಲಿ, ಕೊಂಕಣ ರೈಲ್ವೆ ಹಳಿಯ ಮೇಲಿನ ಹೊಸ ಸೇತುವೆಯ ಕೆಲಸ ವರ್ಷಗಟ್ಟಲೆ ಎಳೆಯಿತು. ಹಳೆಯ ಇಕ್ಕಟ್ಟಿನ ಸೇತುವೆಯ ಎರಡೂ ಬದಿಯಲ್ಲಿ ಬಸ್ಸು, ಲಾರಿ, ಸ್ಕೂಟರುಗಳ ಸಾಲು; ನಡುವೆ ಕೆಎಂಸಿ ಆಸ್ಪತ್ರೆಗೆ ಹೊರಟ ಆಂಬುಲೆನ್ಸ್ ಸೈರನ್ ಹಾಕಿಕೊಂಡು ನಿಂತಲ್ಲೇ ನಿಲ್ಲುತ್ತಿತ್ತು. ಹೆದ್ದಾರಿ ಇಲಾಖೆಯನ್ನೂ ರೈಲ್ವೆಯನ್ನೂ ಒಂದೇ ಮೇಜಿಗೆ ಕರೆಸಿ ಕೂರಿಸುವ ಕೆಲಸ ಸಂಸದನದ್ದೇ. ಅದನ್ನು ಮಾಡಬಲ್ಲವನು ಯಾರು ಎಂದು ಕೇಳದೆ ಮತ ಹಾಕಿದರೆ ಆ ಸಾಲಿನಲ್ಲಿ ಕಾಯುವವರು ನಾವೇ.

ಎರಡು: ‘ಹಿಂದಿ, ಇಂಗ್ಲಿಷ್ ಬಾರದವರು, ಪದವಿ ಇಲ್ಲದವರು ದಿಲ್ಲಿಗೆ ಹೋಗಿ ಏನು ಮಾಡುತ್ತಾರೆ?’

2024ರಲ್ಲಿ ಈ ಮಾತು ದೊಡ್ಡದಾಗಿಯೇ ಕೇಳಿಬಂತು. ಯೋಗ್ಯತೆಯ ಪ್ರಶ್ನೆಯನ್ನು ದಾರಿ ತಪ್ಪಿಸುವ ಮಾತಿದು. ಸಂಸತ್ತಿನಲ್ಲಿ ಹಿಂದಿ ಅಥವಾ ಇಂಗ್ಲಿಷ್ ಬಾರದ ಸದಸ್ಯ ಮಾತೃಭಾಷೆಯಲ್ಲಿ ಮಾತನಾಡಲು ಸ್ಪೀಕರ್ ಅನುಮತಿ ಕೊಡಬಹುದು ಎಂದು ಸಂವಿಧಾನದ 120ನೇ ವಿಧಿಯೇ ಹೇಳುತ್ತದೆ. ಶಿವಮೊಗ್ಗದಿಂದ ಗೆದ್ದ ಜೆ.ಎಚ್. ಪಟೇಲರು 1967ರಲ್ಲೇ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ಬಾಗಿಲು ತೆರೆದಿದ್ದರು.

ಪದವಿಯ ವಿಚಾರಕ್ಕೆ ಬಂದರೆ, ಶಾಲೆಯನ್ನು ಅರ್ಧಕ್ಕೆ ಬಿಟ್ಟಿದ್ದ ಕೆ. ಕಾಮರಾಜರು 1954ರಿಂದ 1963ರವರೆಗೆ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿ ಹಳ್ಳಿಹಳ್ಳಿಗೆ ಶಾಲೆ ತಂದರು, ಮಕ್ಕಳಿಗೆ ಮಧ್ಯಾಹ್ನದ ಊಟ ಕೊಟ್ಟರು. ನಮ್ಮ ಉಡುಪಿಯಲ್ಲೇ, ವೈದ್ಯರಾಗಿದ್ದ ಡಾ. ವಿ.ಎಸ್. ಆಚಾರ್ಯರು 1968ರಲ್ಲಿ ಪುರಸಭೆಯ ಅಧ್ಯಕ್ಷರಾದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಆ ಪುರಸಭೆ ನಿಲ್ಲಿಸಿತು. ಒಬ್ಬರಿಗೆ ಪದವಿ ಇತ್ತು, ಇನ್ನೊಬ್ಬರಿಗೆ ಇರಲಿಲ್ಲ. ಇಬ್ಬರನ್ನೂ ನಾವು ನೆನೆಯುವುದು ಅವರು ಮಾಡಿದ ಕೆಲಸದಿಂದ. ಕೇಳಬೇಕಾದ್ದು ಅದನ್ನೇ: ಹಿಂದಿನ ಹುದ್ದೆಯಲ್ಲಿ ಏನು ಮಾಡಿದಿರಿ?

ಮೂರು: ‘ಇಲ್ಲಿ ನಡೆಯುವುದು ಜಾತಿ ಲೆಕ್ಕ. ಯೋಗ್ಯತೆ ನೋಡಿ ಟಿಕೆಟ್ ಕೊಟ್ಟರೆ ಸೋಲು ಖಚಿತ.’

ಬಿಲ್ಲವರ ಮತ ಇಷ್ಟು, ಬಂಟರ ಮತ ಇಷ್ಟು, ಮೊಗವೀರರ ಮತ ಇಷ್ಟು ಎಂದು ಕೂಡಿಸಿ ಕಳೆಯುವವರು ಈ ಜಿಲ್ಲೆಯ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಲಿ. ಕಾರ್ಕಳದಲ್ಲಿ ಎಂ. ವೀರಪ್ಪ ಮೊಯಿಲಿ 1972ರಿಂದ ಸತತ ಆರು ಬಾರಿ ಶಾಸಕರಾದರು, 1992ರಲ್ಲಿ ಮುಖ್ಯಮಂತ್ರಿಯೂ ಆದರು. ಅವರು ಸಂಖ್ಯೆಯಲ್ಲಿ ಸಣ್ಣದಾದ ದೇವಾಡಿಗ ಸಮುದಾಯದವರು. ಉಡುಪಿಯಿಂದ ಆಸ್ಕರ್ ಫೆರ್ನಾಂಡಿಸ್ 1980ರಿಂದ 1996ರವರೆಗಿನ ಐದು ಲೋಕಸಭಾ ಚುನಾವಣೆಗಳನ್ನು ಗೆದ್ದರು. ಕ್ರೈಸ್ತರ ಮತಗಳಷ್ಟೇ ಅವರನ್ನು ಗೆಲ್ಲಿಸಲು ಸಾಧ್ಯವಿರಲಿಲ್ಲ. ಪಕ್ಷದ ಅಲೆ ಇತ್ತು, ಕಾಲ ಬೇರೆಯಿತ್ತು ಎನ್ನಬಹುದು. ಆದರೂ ಈ ಊರಿನ ಮತದಾರ ತನ್ನ ಜಾತಿಯವನಲ್ಲದವನನ್ನು ಮತ್ತೆ ಮತ್ತೆ ಗೆಲ್ಲಿಸಿದ್ದಾನೆ ಎಂಬ ಸತ್ಯವನ್ನು ಯಾವ ಲೆಕ್ಕವೂ ಅಳಿಸಲಾರದು. ಮತದಾರನನ್ನು ಜಾತಿಗೆ ಕಟ್ಟಿಹಾಕಿ ಮಾತಾಡುವವರು ಅವನ ವಿವೇಕವನ್ನು ಅವಮಾನಿಸುತ್ತಿದ್ದಾರೆ.

ನಾಲ್ಕು: ‘ಗೆಲ್ಲುವ ತಾಕತ್ತೇ ಯೋಗ್ಯತೆ. ಕೇಸುಗಳೆಲ್ಲ ರಾಜಕೀಯ ಪ್ರೇರಿತ.’

ಇದಕ್ಕೆ ಸುಪ್ರೀಂ ಕೋರ್ಟೇ ಉತ್ತರ ಕೊಟ್ಟಿದೆ. ಅಭ್ಯರ್ಥಿಯ ಹಿನ್ನೆಲೆ ತಿಳಿಯುವುದು ಮತದಾರನ ಹಕ್ಕು ಎಂದು ಅದು 2002ರಲ್ಲಿ ಹೇಳಿತು, 2003ರಲ್ಲಿ ಮತ್ತೆ ಎತ್ತಿಹಿಡಿಯಿತು. 2020ರ ಫೆಬ್ರವರಿಯಲ್ಲಿ ಇನ್ನೂ ಮುಂದೆ ಹೋಗಿ, ಕ್ರಿಮಿನಲ್ ಪ್ರಕರಣ ಇರುವವರನ್ನೇ ಯಾಕೆ ಆರಿಸಿದಿರಿ, ಪ್ರಕರಣವಿಲ್ಲದವರು ಯಾಕೆ ಸಿಗಲಿಲ್ಲ ಎಂದು ಪಕ್ಷಗಳೇ ಪ್ರಕಟಿಸಬೇಕು, ‘ಗೆಲ್ಲುತ್ತಾರೆ’ ಎಂಬುದೊಂದೇ ಕಾರಣವಾಗಕೂಡದು ಎಂದು ಆದೇಶಿಸಿತು.

ಕರಾವಳಿಯಲ್ಲಿ ಹೋರಾಟದ ಕೇಸುಗಳು ಇರುತ್ತವೆ, ಒಪ್ಪುತ್ತೇನೆ. ನಿಷೇಧಾಜ್ಞೆ ಮುರಿದು ಧರಣಿ ಕೂತದ್ದಕ್ಕೂ ಹಲ್ಲೆ, ವಂಚನೆಗಳಿಗೂ ಅಜಗಜಾಂತರ. ಅದಕ್ಕಾಗಿಯೇ ನಮೂನೆ 26ರ ಅಫಿಡವಿಟ್ಟನ್ನು ಓದಬೇಕು. ಯಾವ ಠಾಣೆ, ಯಾವ ಕಲಂ, ನ್ಯಾಯಾಲಯ ದೋಷಾರೋಪ ಹೊರಿಸಿದೆಯೇ, ಐದು ವರ್ಷಗಳ ಆದಾಯ ಎಷ್ಟು, ಆಸ್ತಿ ಎಷ್ಟು, ಸರಕಾರಕ್ಕೆ ಬಾಕಿ ಎಷ್ಟು, ಎಲ್ಲವೂ ಅಭ್ಯರ್ಥಿಯ ಸಹಿಯೊಂದಿಗೆ ಅದರಲ್ಲಿದೆ. ಚುನಾವಣಾ ಆಯೋಗದ ‘ನೋ ಯುವರ್ ಕ್ಯಾಂಡಿಡೇಟ್’ ಆ್ಯಪ್‌ನಲ್ಲಿ ಮನೆಯಲ್ಲೇ ಕೂತು ನೋಡಬಹುದು. ಎರಡು ಎಕರೆ ಗದ್ದೆ ಕೊಳ್ಳುವಾಗ ಆರ್‌ಟಿಸಿ, ಋಣಭಾರ ಪತ್ರ ಎಲ್ಲ ತರಿಸಿ ನೋಡುವ ನಾವು, ಐದು ವರ್ಷದ ಅಧಿಕಾರ ಕೊಡುವಾಗ ಈ ಕಾಗದವನ್ನು ತೆರೆಯದೇ ಇರುವುದು ಸರಿಯಲ್ಲ.

ಐದು: ‘ನಮ್ಮವರನ್ನೇ ಪ್ರಶ್ನಿಸಿದರೆ ಎದುರಾಳಿಗೆ ಲಾಭ. ಇದು ಪಕ್ಷದ್ರೋಹ.’

2024ರ ಜೂನ್ 27ರಂದು ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಟಿವಿ ಚರ್ಚೆಯಲ್ಲಿ ಜೋ ಬೈಡನ್ ತಡವರಿಸಿದರು. ಹುದ್ದೆ ನಿಭಾಯಿಸುವ ಶಕ್ತಿ ಅವರಿಗೆ ಉಳಿದಿದೆಯೇ ಎಂದು ಗಟ್ಟಿಯಾಗಿ ಕೇಳಿದವರಲ್ಲಿ ಅವರದೇ ಡೆಮಾಕ್ರಟಿಕ್ ಪಕ್ಷದವರಿದ್ದರು. ಜುಲೈ 21ರಂದು ಅಧಿಕಾರದಲ್ಲಿದ್ದ ಅಧ್ಯಕ್ಷರೇ ಕಣದಿಂದ ಹಿಂದೆ ಸರಿದರು. ಆ ಪಕ್ಷ ಮುಂದೆ ಸೋತಿತು. ಹಾಗಂತ ಕೇಳಿದ್ದು ತಪ್ಪಾಗಲಿಲ್ಲ. ಇನ್ನೂ ಮೊದಲೇ ಕೇಳಬೇಕಿತ್ತು. ಪ್ರಶ್ನೆಯನ್ನು ಮನೆಯೊಳಗೇ ಅದುಮಿಟ್ಟರೆ ಅದು ತಡವಾಗಿ, ದುಬಾರಿಯಾಗಿ ಹೊರಬರುತ್ತದೆ. ಪಕ್ಷದ ಕಾರ್ಯಕರ್ತನಿಗೆ ಟಿಕೆಟ್ ಹಂಚುವ ಮೊದಲೇ ಕೇಳುವ ಹಕ್ಕಿದೆ, ಹೊಣೆಯೂ ಇದೆ.

ಕೊನೆಗೆ ಒಂದು ಮಾತು. ಯೋಗ್ಯತೆ ಟಿಕೆಟ್ ಸಿಕ್ಕ ದಿನ ಹುಟ್ಟುವುದಿಲ್ಲ. ಕೋಟ ಶ್ರೀನಿವಾಸ ಪೂಜಾರಿ ಗ್ರಾಮ ಪಂಚಾಯಿತಿಯಿಂದ ಬಂದವರು. ಆಸ್ಕರ್ ಮತ್ತು ಆಚಾರ್ಯರು ಉಡುಪಿ ಪುರಸಭೆಯಿಂದ. ಬೀದಿ ದೀಪ, ಚರಂಡಿ, ಕುಡಿಯುವ ನೀರಿನ ದೂರುಗಳಿಗೆ ಉತ್ತರಿಸುತ್ತಲೇ ಅವರು ಪಳಗಿದರು, ಜನರೂ ಅವರನ್ನು ಹತ್ತಿರದಿಂದ ಅಳೆದರು. ಅದೇ ಕರ್ನಾಟಕದಲ್ಲಿ, 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನಾಯಕರು ತಯಾರಾಗುವ ಗರಡಿಗೆ ಬೀಗ ಹಾಕಿ, ‘ಯೋಗ್ಯರು ಎಲ್ಲಿ ಸಿಗುತ್ತಾರೆ’ ಎಂದು ಕೇಳುವ ಅಧಿಕಾರ ಯಾವ ಪಕ್ಷಕ್ಕೂ ಇಲ್ಲ. ಸ್ಥಳೀಯ ಚುನಾವಣೆಗಳನ್ನು ಕಾಲಕ್ಕೆ ಸರಿಯಾಗಿ ನಡೆಸಿ ಎಂದು ಒತ್ತಾಯಿಸೋಣ. ಮನೆ ಬಾಗಿಲಿಗೆ ಬರುವ ಪ್ರತಿ ಅಭ್ಯರ್ಥಿಯನ್ನೂ, ಅವರ ಚಿಹ್ನೆ ಯಾವುದೇ ಇರಲಿ, ಹಿಂದಿನ ಕೆಲಸದ ಲೆಕ್ಕ ಕೇಳೋಣ. ಉತ್ತರ ಕೊಡಲಾಗದವರಿಗೆ ಮತ ಕೊಡುವ ಋಣ ನಮಗಿಲ್ಲ.