ಗ್ಯಾರೇಜುಗಳ ಬಣ್ಣದ ತುಂತುರು: ಕಾನೂನಿಗೆ ಮೊದಲು ನಾವೇ ಎಚ್ಚರಗೊಳ್ಳೋಣ

ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯಗಳಿಂದ ಹಿಡಿದು ರಾಜ್ಯದ ಚಿಕ್ಕ ತಾಲೂಕು ಕೇಂದ್ರದವರೆಗೆ ಟಿಂಕರಿಂಗ್ ಮತ್ತು ಪೇಂಟಿಂಗ್ ಗ್ಯಾರೇಜುಗಳಿಲ್ಲದ ಊರಿಲ್ಲ. ಇವನ್ನು ನಂಬಿ ಬಣ್ಣದ ವ್ಯಾಪಾರಿಗಳು, ಬಿಡಿಭಾಗ ಮಾರುವವರು, ಕಂಪ್ರೆಸರ್ ಮತ್ತು ಸ್ಪ್ರೇ ಗನ್ ಮಾರಾಟಗಾರರು ಬದುಕುತ್ತಿದ್ದಾರೆ. ಹೀಗಿದ್ದರೂ ಈ ಕಸುಬಿನವರು ದಿನವೂ ಉಸಿರಾಡುವ ಗಾಳಿಯ ಬಗ್ಗೆ ನಮ್ಮ ವಾಣಿಜ್ಯ ವಲಯದಲ್ಲಿ ಚರ್ಚೆ ನಡೆದಿರುವುದು ಅತಿ ವಿರಳ. ಇದು ಕೇವಲ ವೈದ್ಯರಿಗೆ ಬಿಟ್ಟ ವಿಷಯವಲ್ಲ, ವ್ಯಾಪಾರದ ವಿಷಯವೂ ಹೌದು ಎಂಬುದು ಈ ಲೇಖನದ ಆಶಯ.

ಬಾಡಿ ಕೆಲಸದ ಪ್ರತಿ ಹಂತದಲ್ಲೂ ಅಪಾಯವಿದೆ. ಸತು ಲೇಪಿತ ತಗಡಿಗೆ ಬೆಸುಗೆ ಹಾಕುವಾಗ ಏಳುವ ಬಿಳಿ ಹೊಗೆಯಿಂದ ಕೆಲವು ಗಂಟೆಗಳ ನಂತರ ಚಳಿಜ್ವರ ಬರುತ್ತದೆ. ಒಂದೆರಡು ದಿನದಲ್ಲಿ ಇಳಿಯುವುದರಿಂದ ಯಾರೂ ಅದನ್ನು ಕಸುಬಿನ ಕಾಯಿಲೆಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾಲಿಯೆಸ್ಟರ್ ಪುಟ್ಟಿಯಲ್ಲಿ ಸ್ಟೈರೀನ್, ಥಿನ್ನರಿನಲ್ಲಿ ಟಾಲೀನ್ ಮತ್ತು ಕ್ಸೈಲೀನ್ ಇರುತ್ತವೆ. ತಲೆನೋವು, ತಲೆ ತಿರುಗುವಿಕೆಯಿಂದ ಆರಂಭಿಸಿ ನರಮಂಡಲದವರೆಗೆ ಇವುಗಳ ಪ್ರಭಾವವಿದೆ. ಹಳೆಯ ಬಣ್ಣ ಕೀಳುವ ಕೆಲವು ದ್ರಾವಣಗಳಲ್ಲಿರುವ ಮಿಥಿಲೀನ್ ಕ್ಲೋರೈಡ್ ದೇಹದೊಳಗೆ ಕಾರ್ಬನ್ ಮೊನಾಕ್ಸೈಡ್ ಆಗಿ ಮಾರ್ಪಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಾಂತಿಕ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1989ರಲ್ಲೇ ಬಣ್ಣ ಬಳಿಯುವ ವೃತ್ತಿಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವಂಥವುಗಳ ಮೊದಲ ವರ್ಗಕ್ಕೆ ಸೇರಿಸಿದೆ. ಬೆಸುಗೆಯ ಹೊಗೆಯನ್ನು ಅದೇ ವರ್ಗಕ್ಕೆ 2017ರಲ್ಲಿ ಸೇರಿಸಲಾಯಿತು.

ಆದರೆ ಇವೆಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ವಾಸನೆಯಿಂದ ಪತ್ತೆಯಾಗದ ಅಪಾಯ. ಹಿಂದೆ ಬಳಕೆಯಲ್ಲಿದ್ದ ಎನ್.ಸಿ. ಬಣ್ಣ ಥಿನ್ನರ್ ಆರಿದೊಡನೆ ಗಟ್ಟಿಯಾಗುತ್ತಿತ್ತು. ಇಂದಿನ ಗ್ರಾಹಕ ಬಯಸುವ ಹೊಳಪು ಮತ್ತು ಬಾಳಿಕೆ ಕೊಡುವುದು ಪಿ.ಯು. ಬಣ್ಣ. ಇದನ್ನು ಗಟ್ಟಿಗೊಳಿಸಲು ಬೆರೆಸುವ ಹಾರ್ಡನರಿನಲ್ಲಿ ಐಸೋಸೈನೇಟ್ ಎಂಬ ರಾಸಾಯನಿಕವಿದೆ. 1984ರಲ್ಲಿ ಭೋಪಾಲದಲ್ಲಿ ಸೋರಿದ ಅನಿಲವೂ ಇದೇ ಕುಟುಂಬದ್ದು. ಆದರೆ ಎರಡೂ ಒಂದೇ ವಸ್ತುವಲ್ಲ, ಗ್ಯಾರೇಜಿನಲ್ಲಿ ಅಂಥ ದುರಂತದ ಭಯವಿಲ್ಲ. ಇಲ್ಲಿನ ಹಾನಿ ನಿಧಾನವಾದದ್ದು. ಸ್ಪ್ರೇ ಗನ್ನಿನಿಂದ ಹೊರಟ ಸೂಕ್ಷ್ಮ ತುಂತುರು ಶ್ವಾಸಕೋಶ ಸೇರಿ, ತಿಂಗಳುಗಳ ಅಥವಾ ವರ್ಷಗಳ ನಂತರ ಕೆಲವರಲ್ಲಿ ಅಸ್ತಮಾ ಆಗಿ ಪ್ರಕಟವಾಗುತ್ತದೆ. ಒಮ್ಮೆ ಹೀಗಾದರೆ ಅತ್ಯಲ್ಪ ಪ್ರಮಾಣವೂ ಉಬ್ಬಸ ತರಬಲ್ಲದು. ನುರಿತ ಪೇಂಟರ್ ತನ್ನ ಕಸುಬನ್ನೇ ಬಿಡಬೇಕಾಗುತ್ತದೆ.

ವಾಹನಗಳಿಗೆ ಬಣ್ಣ ಸಿಂಪಡಿಸುವವರಲ್ಲಿ ಔದ್ಯೋಗಿಕ ಅಸ್ತಮಾದ ಸಂಭವ ಇತರ ದುಡಿಮೆಗಾರರಿಗಿಂತ ಹತ್ತಾರು ಪಟ್ಟು ಹೆಚ್ಚೆಂದು ಬ್ರಿಟನ್ನಿನ ಅನುಭವ ತಿಳಿಸುತ್ತದೆ. ಅಲ್ಲಿ ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 0.02 ಮಿಲಿಗ್ರಾಂಗಿಂತ ಹೆಚ್ಚು ಐಸೋಸೈನೇಟ್ ಇರಕೂಡದೆಂಬ ಮಿತಿಯಿದೆ. ಮೂಗಿಗೆ ಗೊತ್ತಾಗುವುದರೊಳಗೆ ಈ ಮಿತಿ ದಾಟಿರುತ್ತದೆ. ಥಿನ್ನರಿನ ಘಾಟು ಕಡಿಮೆಯಾಯಿತೆಂದು ಮುಸುಕು ತೆಗೆಯುವ ನಮ್ಮ ಹುಡುಗರು ಮೋಸ ಹೋಗುವುದು ಇಲ್ಲಿಯೇ. ಸಂಜೆಯ ಕೆಮ್ಮು, ರಾತ್ರಿಯ ಎದೆ ಬಿಗಿತ, ಹಬ್ಬದ ರಜೆಯಲ್ಲಿ ಕಾಣುವ ಸುಧಾರಣೆ ಇದರ ಲಕ್ಷಣಗಳು. ವೈದ್ಯರ ಬಳಿ ಕಸುಬನ್ನು ಹೇಳದ ಕಾರಣ ಇದು ಸಾಮಾನ್ಯ ನೆಗಡಿ, ಧೂಳಿನ ಅಲರ್ಜಿಯೆಂದೇ ಉಳಿದುಬಿಡುತ್ತದೆ.

"ಮೂವತ್ತು ವರ್ಷದಿಂದ ಬಣ್ಣ ಹೊಡೆಯುತ್ತಿದ್ದೇವೆ, ಏನೂ ಆಗಿಲ್ಲ" ಎನ್ನುವ ಹಿರಿಯ ಮೇಸ್ತ್ರಿಗಳಿದ್ದಾರೆ. ಅವರ ಮಾತು ಸುಳ್ಳಲ್ಲ. ಆದರೆ ಆ ಮೂವತ್ತು ವರ್ಷಗಳಲ್ಲಿ ಉಸಿರು ಕಟ್ಟಿ ಕಸುಬು ಬಿಟ್ಟು ಊರಿಗೆ ಮರಳಿದವರು ಇಂದು ಗ್ಯಾರೇಜಿನಲ್ಲಿ ನಿಂತು ಸಾಕ್ಷಿ ಹೇಳಲಾರರು. ಉಳಿದವರನ್ನಷ್ಟೇ ಎಣಿಸಿದರೆ ಲೆಕ್ಕ ಎಂದೂ ಲಾಭದಲ್ಲೇ ಕಾಣುತ್ತದೆ.

ಮನೆಗೆ ಅಂಟಿಕೊಂಡ ಗ್ಯಾರೇಜುಗಳ ಸ್ಥಿತಿ ಇನ್ನೂ ಕಳವಳಕಾರಿ. ಕೆಳಗಿನ ಮಳಿಗೆಯಲ್ಲಿ ಸ್ಪ್ರೇ, ಮೇಲಿನ ಅಂತಸ್ತಿನಲ್ಲಿ ಸಂಸಾರ ಎಂಬ ವ್ಯವಸ್ಥೆಯಲ್ಲಿ ಮಕ್ಕಳೂ ವೃದ್ಧರೂ ಅದೇ ಗಾಳಿಯನ್ನು ಉಸಿರಾಡುತ್ತಾರೆ. ಥಿನ್ನರಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದಗುಂಟ ಹರಿದು ದೂರದ ಒಲೆಯ ಕಿಡಿಗೂ ತಗಲಬಹುದು. ತನ್ನ ಸ್ಕೂಟರಿಗೆ ತಾನೇ ಬಣ್ಣ ಹೊಡೆಯಲು ಹೊರಟ ಗೃಹಸ್ಥನಿಗೂ ಅಂಗಡಿಯವರು ಹಾರ್ಡನರಿನ ಡಬ್ಬವನ್ನು ಒಂದು ಮಾತಿನ ಎಚ್ಚರಿಕೆಯೂ ಇಲ್ಲದೆ ಕೊಟ್ಟುಬಿಡುತ್ತಾರೆ.

ಇನ್ನು ಕಾನೂನಿನ ಕಡೆ ನೋಡೋಣ. 1948ರ ಕಾರ್ಖಾನೆಗಳ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಐಸೋಸೈನೇಟ್ ವಿಷಬಾಧೆಯ ಹೆಸರಿತ್ತು. ಆದರೆ ಆ ಕಾಯಿದೆ ಅನ್ವಯಿಸುತ್ತಿದ್ದುದು ವಿದ್ಯುತ್ ಬಳಸುವ, 10 ಅಥವಾ ಹೆಚ್ಚು ಕೆಲಸಗಾರರಿರುವ ಸ್ಥಳಗಳಿಗೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಕಾರ್ಖಾನೆಯೆನಿಸಿಕೊಳ್ಳಲು ಈ ಸಂಖ್ಯೆಯನ್ನು 20ಕ್ಕೆ ಏರಿಸಿತು. ಗೃಹೋಪಯೋಗಿ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸಕ್ಕೆ 90 ಪಿ.ಪಿ.ಎಂ. ಮಿತಿ ಹಾಕಿದ 2016ರ ನಿಯಮಗಳು ವಾಹನದ ಬಣ್ಣಕ್ಕೆ ಅನ್ವಯಿಸುವುದಿಲ್ಲ. ಐದಾರು ಜನರ ಗ್ಯಾರೇಜಿನ ಬಾಗಿಲಿಗೆ ಇನ್‌ಸ್ಪೆಕ್ಟರ್ ಬರುವುದು ಅಪರೂಪ. ಇದನ್ನು ನಮ್ಮಲ್ಲಿ ಕೆಲವರು ಅನುಕೂಲವೆಂದು ಭಾವಿಸಿರಬಹುದು. ಆದರೆ ನೌಕರರ ಪರಿಹಾರದ ಕಾನೂನು 1923ರಿಂದಲೂ ಔದ್ಯೋಗಿಕ ರೋಗಗಳ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿದೆ. ಅದರ ಸ್ಥಾನಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಹೊಣೆ ಉಳಿದಿದೆ. ಇ.ಎಸ್.ಐ. ರಕ್ಷಣೆ ಇಲ್ಲದ ಚಿಕ್ಕ ಮಾಲೀಕನಿಗೆ ಒಂದೇ ಒಂದು ಪ್ರಕರಣ ವರ್ಷಗಳ ಲಾಭವನ್ನು ನುಂಗಬಲ್ಲದು.

ಹಾಗಾದರೆ ಮಾಡಬೇಕಾದದ್ದೇನು? ಕೆಲವು ಕ್ರಮಗಳಿಗೆ ಹೆಚ್ಚಿನ ಖರ್ಚಿಲ್ಲ. ಪುಟ್ಟಿಯನ್ನು ಒಣದಾಗಿ ಉಜ್ಜುವ ಬದಲು ವಾಟರ್ ಪೇಪರಿನಿಂದ ಉಜ್ಜಿದರೆ ಧೂಳು ಗಣನೀಯವಾಗಿ ತಗ್ಗುತ್ತದೆ. ಕೈಗೆ ಅಂಟಿದ ಬಣ್ಣವನ್ನು ಥಿನ್ನರಿನಿಂದ ತೊಳೆಯುವ ರೂಢಿ ನಿಲ್ಲಬೇಕು. ಚರ್ಮದ ಮೂಲಕವೂ ಹಾನಿಯುಂಟು. ಮೂಗಿಗೆ ಕಟ್ಟಿದ ಕರ್ಚೀಫು ಆವಿಯನ್ನು ತಡೆಯುವುದಿಲ್ಲ. ಧೂಳಿನ ಮಾಸ್ಕ್ ಧೂಳಿಗೆ ಮಾತ್ರ, ಇದ್ದಿಲಿನ ಕಾರ್ಟ್ರಿಜ್ ಥಿನ್ನರಿನ ಆವಿಗೆ. ಪಿ.ಯು. ಸಿಂಪಡಿಸುವವರಿಗೆ ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯ ಮೂಲಕ ಒದಗಿಸುವ ಮುಖಕವಚವೇ ಸರಿಯಾದದ್ದು. ಅದನ್ನು ಸಾಮಾನ್ಯ ಕಂಪ್ರೆಸರಿಗೆ ನೇರವಾಗಿ ಜೋಡಿಸಕೂಡದು: ಎಣ್ಣೆಯ ಆವಿ ತಡೆಯುವ ಫಿಲ್ಟರ್ ಇರಬೇಕು, ಕಂಪ್ರೆಸರ್ ಗಾಳಿ ಎಳೆಯುವ ಬಾಯಿ ಬಣ್ಣದ ಕೋಣೆಯಿಂದಾಚೆ ಇರಬೇಕು. ಕಡಿಮೆ ಒತ್ತಡದ ಎಚ್.ವಿ.ಎಲ್.ಪಿ. ಗನ್ ಬಳಸಿದರೆ ಗಾಳಿಗೆ ಹಾರಿ ವ್ಯರ್ಥವಾಗುವ ಬಣ್ಣ ಕಡಿಮೆಯಾಗುತ್ತದೆ. ಆರೋಗ್ಯದ ಜೊತೆಗೆ ಬಣ್ಣದ ಖರ್ಚೂ ಉಳಿಯುತ್ತದೆ.

ಸ್ಪ್ರೇ ಬೂತ್ ಮಾತ್ರ ಒಬ್ಬ ಚಿಕ್ಕ ಮಾಲೀಕನ ಕೈಗೆ ನಿಲುಕದ ಮಾತು, ನಿಜ. ಒಬ್ಬನೇ ಖರ್ಚು ಮಾಡಿ ದರ ಏರಿಸಿದರೆ ಗ್ರಾಹಕ ಪಕ್ಕದ ಗ್ಯಾರೇಜಿಗೆ ಹೋಗುತ್ತಾನೆ. ಆದ್ದರಿಂದಲೇ ಇದು ವ್ಯಕ್ತಿಯಿಂದಾಗದ, ಸಂಘಟನೆಯಿಂದಲೇ ಆಗಬೇಕಾದ ಕೆಲಸ. ಕೇಂದ್ರ ಸರ್ಕಾರದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ಅನುದಾನವಿದೆ. ಒಂದು ಊರಿನ ಗ್ಯಾರೇಜುಗಳು ಒಟ್ಟುಗೂಡಿ ಬಾಡಿಗೆ ಆಧಾರದ ಬೂತ್ ಸ್ಥಾಪಿಸಲು ಈ ಮಾರ್ಗವನ್ನು ಪರಿಶೀಲಿಸುವುದು ನಮ್ಮ ಸಂಸ್ಥೆಯಿಂದ ಸಾಧ್ಯ.

ಜೊತೆಗೆ ಎರಡು ಸಲಹೆಗಳನ್ನು ಸದಸ್ಯರ ಮುಂದಿಡಬಯಸುತ್ತೇನೆ. ಮೊದಲನೆಯದಾಗಿ, ಹಾರ್ಡನರ್ ಮಾರುವ ಪ್ರತಿ ಅಂಗಡಿಯೂ ಡಬ್ಬದೊಂದಿಗೆ ಕನ್ನಡದಲ್ಲಿ ಮುದ್ರಿಸಿದ ಒಂದು ಪುಟದ ಸೂಚನೆ ಕೊಡಲಿ, ಮುಖಕವಚವನ್ನೂ ಅದೇ ಕೌಂಟರಿನಲ್ಲಿ ಇರಿಸಲಿ. ಐರೋಪ್ಯ ಒಕ್ಕೂಟದಲ್ಲಿ ಇಂಥ ವಸ್ತುವನ್ನು ಕೆಲಸದಲ್ಲಿ ಬಳಸುವವರಿಗೆ 2023ರ ಆಗಸ್ಟ್ 24ರಿಂದ ತರಬೇತಿ ಕಡ್ಡಾಯವಾಗಿದೆ. ನಾವು ಕನಿಷ್ಠ ಒಂದು ಕಾಗದದಿಂದಲಾದರೂ ಆರಂಭಿಸಬಹುದು. ಎರಡನೆಯದಾಗಿ, ಗ್ಯಾರೇಜಿನ ಎಸ್ಟಿಮೇಟಿನಲ್ಲಿ ಬಣ್ಣ, ಪುಟ್ಟಿ, ಕೂಲಿಗಳ ಸಾಲಿನಲ್ಲೇ ಸುರಕ್ಷತಾ ಸಾಮಗ್ರಿಯ ವೆಚ್ಚಕ್ಕೂ ಒಂದು ಸಾಲು ಇರಲಿ. ಎಲ್ಲರೂ ಒಟ್ಟಾಗಿ ಇದನ್ನು ಪಾಲಿಸಿದರೆ ಯಾರಿಗೂ ಸ್ಪರ್ಧೆಯಲ್ಲಿ ಹಿನ್ನಡೆಯಾಗದು. ವಿಮಾ ಕಂಪನಿಗಳೊಂದಿಗೂ ಈ ವಿಷಯವಾಗಿ ಮಾತುಕತೆ ನಡೆಸಬಹುದು.

ಹೊಳೆಯುವ ಕಾರಿನ ಬೆಲೆಯಲ್ಲಿ ಅದಕ್ಕೆ ಬಣ್ಣ ಹೊಡೆದವನ ಉಸಿರಿನ ಬೆಲೆ ಸೇರಿಲ್ಲವೆಂದರೆ ಆ ಸಾಲವನ್ನು ಅವನ ಮನೆಯವರು ತೀರಿಸುತ್ತಾರೆ. ಲೆಕ್ಕ ಬಲ್ಲ ವರ್ತಕ ಸಮುದಾಯ ಇಂಥ ಬಾಕಿಯನ್ನು ಇತರರ ಹೆಸರಿಗೆ ಬರೆಯುವುದು ಉಚಿತವಲ್ಲ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಗ್ಯಾರೇಜು ಮಾಲೀಕರೂ ಬಣ್ಣದ ವ್ಯಾಪಾರಿಗಳೂ ಸಮಿತಿಗೆ ತಮ್ಮ ಅಭಿಪ್ರಾಯ ತಿಳಿಸಲಿ ಎಂದು ವಿನಂತಿ.